ಕುಳ್ಳಿರಿಸುವ ಕೈ

ಜೋಳದ ಹಿಟ್ಟಿಗೆ ಕುದಿಯುವ ನೀರು ಹುಯ್ದು ನಾದುತ್ತಿದ್ದೆ. ಹಂಚು ಕಾದಿತ್ತು, ಒಂದೆರಡು ರೊಟ್ಟಿ ಬುಟ್ಟಿಗೆ ಬಿದ್ದೂ ಆಗಿತ್ತು. ಆಗ ಮಸ್ಕಿಯಿಂದ ಫೋನು ಬಂತು. ನನ್ನ ಕೈ ತುಂಬ ಹಿಟ್ಟು, ಹಾಗಾಗಿ ನಮ್ಮ ಮನೆಯವರೇ ಅದನ್ನು ನನ್ನ ಕಿವಿಗೆ ಹಿಡಿದರು. ಮಾತಾಡಿದವಳು ನಮ್ಮ ಓಣಿಯ ಅಕ್ಕಾರ ತಂಗಿಯ ಮಗಳು. ಅವಳು ಅಳುತ್ತಿರಲಿಲ್ಲ. ಅಳುವುದಕ್ಕೂ ಪುರಸೊತ್ತಿಲ್ಲದ ದನಿ.

“ದೊಡ್ಡವ್ವ ಹೋದಳ್ರಿ ಚಿಗವ್ವ. ನಸುಕಿನ್ಯಾಗ ಹೋಗ್ಯಾಳ. ಮೈ ಬಿಗಿ ಆಗಾಕತ್ತೈತಿ. ನಿಮ್ಮನ್ನ ಬಿಟ್ಟು ಯಾರೂ ಕೈ ಹಚ್ಚಬಾರದಂತ ಹೇಳಿಟ್ಟಾಳ. ಜಲ್ದಿ ಬರ್ರಿ.”

ಬರುತ್ತೇನೆ ಅಂದೆ. ಆಕೆ ಫೋನು ಇಡಲಿಲ್ಲ. ದನಿ ತಗ್ಗಿಸಿ ಹೇಳಿದಳು:

“ಇನ್ನೊಂದ ಮಾತ್ರಿ. ಮಕ್ಕೊಂಡಾಳ. ಕಾಲು ಚಾಚಿ ಮಕ್ಕೊಂಡಾಳ್ರಿ.”

ಸತ್ತವರು ಮಲಗಿದ್ದಾರೆ ಅನ್ನುವುದರಲ್ಲಿ ಏನು ದೊಡ್ಡ ಸುದ್ದಿ ಎಂದು ನಿಮಗೆ ಅನ್ನಿಸಬಹುದು. ನನಗೆ ಮಾತ್ರ ಬೆನ್ನಿನ ಮೇಲೆ ತಣ್ಣೀರು ಬಿದ್ದಂತಾಯಿತು. ಗ್ಯಾಸು ಆರಿಸಿದೆ. ಹಿಟ್ಟಿನ ಮೇಲೆ ಒದ್ದೆ ಅರಿವೆ ಮುಚ್ಚಿದೆ. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರಿನ ಬಸ್ಸು ಹೊರಡುವುದರಲ್ಲಿತ್ತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಅಷ್ಟಕ್ಕೆ ಶಿವನಿಗೆ ಕೈ ಮುಗಿದೆ. ಮಸ್ಕಿ ಬರುವವರೆಗೆ ಅಕ್ಕಾರನ್ನೇ ನೆನೆಯುತ್ತ ಕುಳಿತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓಣಿಯವರೆಲ್ಲ ಅಕ್ಕಾರ ಎಂದೇ ಕರೆಯುತ್ತಿದ್ದೆವು. ತುರ್ವಿಹಾಳದಲ್ಲಿ ಹುಟ್ಟಿದವರು. ನಮ್ಮ ಓಣಿಗೆ ಸೊಸೆಯಾಗಿ ಬಂದು, ಗಂಡನನ್ನು ಬೇಗ ಕಳೆದುಕೊಂಡು, ಕೌದಿ ಹೊಲಿದು ಬದುಕಿದರು. ಹಳೆಯ ಸೀರೆಗಳನ್ನು ಕೊಟ್ಟರೆ ಒಂದರ ಮೇಲೊಂದು ಹಾಸಿ, ಅಂಗೈಯಿಂದ ಸುಕ್ಕು ತೆಗೆದು, ಎರಡು ಮಳೆಗಾಲ ಹೊದ್ದರೂ ದಾರ ಬಿಡದ ಹಾಗೆ ಹೊಲಿದು ಕೊಡುತ್ತಿದ್ದರು. ನನ್ನ ಅತ್ತೆಯ ಸೀರೆಗಳ ಕೌದಿ ಇನ್ನೂ ನಮ್ಮ ಮನೆಯಲ್ಲಿದೆ.

ಅವರಿಗೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಹೆಸರಿರಲಿಲ್ಲ. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕುಳ್ಳಿರಿಸಿ ಒಯ್ಯುತ್ತೇವೆ. ಮೈ ತೊಳೆದು, ಕಾಲು ಮಡಿಸಿ, ಗೋಡೆಗೆ ಆನಿಸಿ, ವಿಭೂತಿ ಹಚ್ಚಿ, ಪೂಜೆಗೆ ಕುಳಿತವರ ಹಾಗೆ ಕೂಡಿಸಬೇಕು. ಎದುರಿಗೆ ಭಜನೆ ನಡೆಯಬೇಕು. ಮಣ್ಣಿನೊಳಗೂ ಅವರು ಕುಳಿತೇ ಇರುತ್ತಾರೆ. ಇದನ್ನೆಲ್ಲ ಮೈ ಬಿಗಿಯುವ ಮುಂಚೆ ಮಾಡಬೇಕು, ತಡವಾದರೆ ಕಷ್ಟ. ನಮ್ಮ ಕಡೆ ಹೆಣ್ಣುಮಕ್ಕಳು ಯಾರು ಹೋದರೂ, ಅದು ಗೊರೇಬಾಳವಾಗಲಿ ಬಳಗಾನೂರಾಗಲಿ, ಅಕ್ಕಾರಿಗೆ ಹೇಳಿ ಕಳಿಸುತ್ತಿದ್ದರು. ಅವರು ಕೈಗೆ ಸಿಕ್ಕ ಕೌದಿಗೆ ಸೂಜಿ ಚುಚ್ಚಿಟ್ಟು, ತಾಳದ ಚೀಲ ಹೆಗಲಿಗೆ ಹಾಕಿಕೊಂಡು ಎದ್ದುಬಿಡುತ್ತಿದ್ದರು. ನಾವಿಬ್ಬರೂ ಒಂದೇ ಭಜನೆ ತಂಡದವರು. ಅವರು ತಾಳ, ನಾನು ಹಿಂದಿನ ದನಿ. ಹಾಗಾಗಿ ಎಷ್ಟೋ ಸಲ ಅವರ ಜೊತೆ ಹೋಗಿದ್ದೇನೆ.

ಆ ಕೈಗೆ ಒಂದು ಚಟವಿತ್ತು. ಅವರ ಮನೆಗೆ ಹೋಗಿ ಯಾರಾದರೂ ಗೋಡೆಗೆ ಆನಿ ಕುಳಿತರೆ, ಮಾತಾಡುತ್ತಲೇ ಅವರ ಬೆನ್ನ ಹಿಂದೆ ಕೈ ಹಾಕಿ, ಸೊಂಟದ ಗುಣಿ ನೋಡಿ, ಅಲ್ಲಿಗೊಂದು ದಿಂಬು ತುರುಕುತ್ತಿದ್ದರು. ಅದೇನೋ ಹಿತವಾಗಿಯೇ ಇರುತ್ತಿತ್ತು. ಆದರೂ ಕುಳಿತವರು ಚಹಾ ಅರ್ಧಕ್ಕೆ ಬಿಟ್ಟು ಏಳುವುದನ್ನು ನಾನು ಕಂಡಿದ್ದೇನೆ. ನನ್ನ ಅತ್ತೆ ಜ್ವರ ಬಂದು ಮಲಗಿದ್ದಾಗ ಅಕ್ಕಾರು ಬಾಗಿಲಲ್ಲಿ ನಿಂತರು. ಅತ್ತೆ ತಲೆ ಎತ್ತಿ, “ಇನ್ನಾ ಟೈಮ್ ಐತಿಬೇ, ನೀ ಮನಿಗೆ ಹೋಗು” ಅಂದರು. ಅಕ್ಕಾರು ನಕ್ಕು, “ನಾ ಒಂದ ವಾಟಿ ಸಕ್ಕರಿ ಕೇಳಾಕ ಬಂದೀನ್ರಿ, ನಿಮ್ಮನ್ನಲ್ಲ” ಅಂದರು. ಮುಂದೆ ಒಂದು ವರ್ಷ ಅತ್ತೆ ಆ ಮಾತನ್ನು ಎಲ್ಲರಿಗೂ ಹೇಳಿ ನಗಿಸಿದರು. ಆಮೇಲೆ ಅತ್ತೆಯನ್ನು ಕುಳ್ಳಿರಿಸಿದ ಕೈಯೂ ಅದೇ.

ಲಿಂಗಸುಗೂರಿನ ಒಂದು ದೊಡ್ಡ ವ್ಯಾಪಾರಸ್ಥರ ಮನೆಯದು ಇನ್ನೂ ಕಣ್ಣಿಗೆ ಕಟ್ಟಿದೆ. ಅಜ್ಜಿ ಬೆಳಿಗ್ಗೆ ಹೋಗಿದ್ದರು, ನಮಗೆ ಸುದ್ದಿ ಬಂದದ್ದು ತಡವಾಗಿ. ನಾವು ಮುಟ್ಟುವಷ್ಟರಲ್ಲಿ ಮೈ ಕಟ್ಟಿಗೆಯಾಗಿತ್ತು. ಗಂಡಸರು ಹಗ್ಗ ತರಿಸಿ, ಕಟ್ಟಿ ಕೂಡಿಸುವ ಮಾತಾಡುತ್ತಿದ್ದರು. ಅಕ್ಕಾರು ಬಿಸಿನೀರು ಕೇಳಿ, ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿದರು. ನಾನು ಹೊಸ್ತಿಲ ಬಳಿ ತಾಳದ ಚೀಲ ಹಿಡಿದು ನಿಂತಿದ್ದೆ. ಒಳಗೆ ಅವರು ಸೊಸೆಯೊಬ್ಬಳು ಅತ್ತೆಯನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಮಾತಾಡುತ್ತಿದ್ದದ್ದು ಕೇಳಿಸಿತು.

“ಏಳವ್ವಾ, ಮಂದಿ ಬಂದಾರ. ಹಿಂಗ ಮಕ್ಕೊಂಡರ ಹೆಂಗ?”

ಬಾಗಿಲು ತೆಗೆದಾಗ ಅಜ್ಜಿ ಗೋಡೆಗೆ ಆನಿ ಕುಳಿತಿದ್ದರು. ಇನ್ನೇನು ಕಣ್ಣು ಬಿಟ್ಟು ಯಾರು ಬಂದಿರಿ ಅಂದಾರು ಅನ್ನುವ ಹಾಗೆ.

ಇಂಥವರನ್ನು ಊರು ಸಾವಿನಲ್ಲಿ ಮುಂದೆ ಕರೆಯುತ್ತದೆ, ಮದುವೆಯಲ್ಲಿ ಹಿಂದೆ ಕೂಡಿಸುತ್ತದೆ. ಬಾಯಿಬಿಟ್ಟು ಯಾರೂ ಏನೂ ಅನ್ನುತ್ತಿರಲಿಲ್ಲ. ಅರಿಶಿನ ಹಚ್ಚುವಾಗ ಮಾತ್ರ ಎಲ್ಲರ ಕಣ್ಣು ಅವರ ಕೈ ಮೇಲೆ ಹೋಗುತ್ತಿತ್ತು. ಅಕ್ಕಾರಿಗೆ ಅದು ಗೊತ್ತಿತ್ತು. ಕಂಬದ ಹಿಂದೆ ಒಂದು ಜಾಗ ನೋಡಿಕೊಂಡು ಕುಳಿತುಬಿಡುತ್ತಿದ್ದರು. ಒಮ್ಮೆ ನಾನು ಒತ್ತಾಯ ಮಾಡಿ ಮುಂದೆ ಕರೆದೆ. “ಬ್ಯಾಡ ತಂಗಿ” ಅಂದರು. “ನನ್ನ ಮುಂದ ಕರದ್ರು ಅಂದ್ರ ಅಲ್ಲಿ ನನಗೊಂದ ಕೆಲಸ ಇರತೈತಿ. ಮದುವಿ ಮನ್ಯಾಗ ಆ ಕೆಲಸ ಬ್ಯಾಡ.”

ಈಗ ವಿಮಾನದ ಸಂಗತಿ ಹೇಳಬೇಕು.

ಆಸ್ಟ್ರೇಲಿಯಾದಲ್ಲಿ ನೆಲೆಸಿದ ನಮ್ಮ ಕಡೆಯ ಕೆಲವರು ಊರಿಗೆ ಬಂದಾಗ ನಮ್ಮ ಭಜನೆ ಕೇಳಿದ್ದರು. ತಮ್ಮ ಕನ್ನಡದವರ ಕೂಟಕ್ಕೆ ಬಂದು ಹಾಡಬೇಕು ಎಂದು ಹಟ ಹಿಡಿದು, ಖರ್ಚೆಲ್ಲ ತಾವೇ ನೋಡಿಕೊಂಡು ಕರೆಸಿಕೊಂಡರು. ಸಿಂಧನೂರಿನ ಒಂದು ಓಣಿಯ ಹೆಂಗಸರು ಇಳಕಲ್ ಸೀರೆ ಉಟ್ಟು, ಚಟ್ನಿಪುಡಿ ಕಟ್ಟಿಕೊಂಡು ಸಮುದ್ರ ದಾಟಿದೆವು. ನನ್ನ ಪಾಲಿಗೆ ಅದೇ ಒಂದು ಜನ್ಮಕ್ಕಾಗುವಷ್ಟು ದಯೆ. ಹಾಡಿದೆವು, ಉಂಡೆವು, ಸುಖವಾಗಿದ್ದೆವು. ನಡೆದದ್ದು ತಿರುಗಿ ಬರುವಾಗ.

ಹತ್ತುವ ಬಾಗಿಲಿನ ಹತ್ತಿರ ಎಲ್ಲರೂ ಸಾಲಾಗಿ ನಿಂತಿದ್ದೆವು. ನನ್ನ ಮತ್ತು ಅಕ್ಕಾರ ಹೆಸರು ಕೂಗಿದರು. ತಪಾಸಣೆಯ ಯಂತ್ರದಲ್ಲಿ ಅಕ್ಕಾರ ತಾಳಗಳನ್ನು ಬಹಳ ಹೊತ್ತು ನೋಡಿದ್ದರು. ಅದರದೇ ಏನೋ ತಕ್ಲೀಫು ಅಂದುಕೊಂಡೆ. ಮೇಜಿನ ಹಿಂದಿನ ಹುಡುಗಿ ನಮ್ಮ ಚೀಟಿ ಹರಿದು ಬೇರೆ ಚೀಟಿ ಕೊಟ್ಟಳು. ನಮ್ಮ ತಂಡದ ಹಿರಿಯರು, ಸಾಲಿಯಲ್ಲಿ ಕಲಿಸಿ ನಿವೃತ್ತರಾದ ಟೀಚರು, ವಿಚಾರಿಸಿ ಬಂದು ಹೇಳಿದರು: ಹಿಂದೆ ಸೀಟು ಸಾಲಲಿಲ್ಲವಂತೆ, ಇಬ್ಬರನ್ನು ಮುಂದಿನ ದೊಡ್ಡ ಸೀಟಿಗೆ ಹಾಕಿದ್ದಾರಂತೆ, ಒಂದು ರೂಪಾಯಿಯೂ ಕೊಡುವುದು ಬೇಡವಂತೆ. ಅದು ಬಿಸಿನೆಸ್ ಕ್ಲಾಸು, ಮಲಗಿಕೊಂಡು ಹೋಗಬಹುದು. ಉಳಿದವರು ಸುಮ್ಮನಿರುತ್ತಾರೆಯೇ? ಗಂಡಿನ ಕಡೆಯವರು ಮುಂದೆ ಹೋಗ್ರಿ, ಹಿಂದಿರುವ ನಮಗೂ ಒಂದಿಷ್ಟು ಶರಬತ್ತು ಕಳಿಸ್ರಿ ಎಂದು ಕಾಡಿದರು. ನಾನೂ ನಕ್ಕೆ. ಅಕ್ಕಾರು ಮಾತ್ರ ಆ ಚೀಟಿಯನ್ನು ತಿರುವಿ ತಿರುವಿ ನೋಡುತ್ತಿದ್ದರು.

“ಮುಂದ ಯಾಕ ಕರದ್ರು?” ಅಂದರು.

ಸೀಟಿರಲಿಲ್ಲ ಅದಕ್ಕೆ, ಶಿವ ಕೊಟ್ಟದ್ದು ತಗೊಳ್ಳಿ ಅಂದೆ.

ಒಳಗೆ ಹೋದರೆ ಒಬ್ಬೊಬ್ಬರಿಗೂ ಒಂದೊಂದು ಗೂಡು. ಗೋಡೆಯಲ್ಲಿನ ದೇವರ ಮಾಡಿನಂತೆ ಮೂರು ಕಡೆ ಮರೆ, ನಡುವೆ ಕುರ್ಚಿ. ನನಗೆ ಕಿಟಕಿಯ ಕಡೆಯದು, ಅಕ್ಕಾರಿಗೆ ಓಡಾಡುವ ದಾರಿಯ ಕಡೆಯದು. ದಾರಿಯ ಆಚೆಗೆ ಒಬ್ಬ ಮುದುಕಿ ಕುಳಿತಿದ್ದರು. ಬಣ್ಣ ನಮ್ಮದೇ, ಕೂದಲು ಕತ್ತರಿಸಿದ್ದು, ಪೂರ್ತಿ ಬಿಳಿ. ಬೂದಿ ಬಣ್ಣದ ಸ್ವೆಟರು, ಪ್ಯಾಂಟು. ಕೊರಳು ಬರಿದು, ಹಣೆ ಬರಿದು, ಬೆರಳಲ್ಲಿ ಉಂಗುರವೂ ಇಲ್ಲ. ಯಾವ ಕಡೆಯವರು, ಯಾವ ದೇವರಿಗೆ ನಡೆದುಕೊಳ್ಳುವವರು ಎಂದು ಹೇಳಲು ಮೈಮೇಲೆ ಒಂದೂ ಗುರುತಿರಲಿಲ್ಲ. ಅಕ್ಕಾರು ಕುರ್ಚಿಯ ಗುಂಡಿಗಳನ್ನು ಅಂಜುತ್ತ ಮುಟ್ಟುವುದನ್ನು ನೋಡಿ ಆಕೆ ನಕ್ಕು, ಎದ್ದು ಬಂದು, ಯಾವುದನ್ನು ಒತ್ತಿದರೆ ಕುರ್ಚಿ ಹಾಸಿಗೆಯಾಗುತ್ತದೆ, ಯಾವುದನ್ನು ಒತ್ತಿದರೆ ಹಾಸಿಗೆ ಮತ್ತೆ ಕುರ್ಚಿಯಾಗುತ್ತದೆ ಎಂದು ಬೆರಳು ಹಿಡಿದು ತೋರಿಸಿಕೊಟ್ಟರು. ಒಂದು ಮಾತೂ ಆಡಲಿಲ್ಲ. ಆಮೇಲೆ ತಮ್ಮ ಗೂಡಿಗೆ ಹೋಗಿ, ಹಾಸಿಗೆ ಮಾಡಿಕೊಂಡು, ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಮಲಗಿಬಿಟ್ಟರು.

ಅಕ್ಕಾರಿಗೆ ಆಗ ಸ್ವಲ್ಪ ಹಗುರಾಯಿತು. ಹೊದಿಕೆಯ ಅಂಚು ತಿರುವಿ ನೋಡಿ, “ಮಶೀನಿನ ಹೊಲಿಗಿ, ಕೈದಲ್ಲ” ಅಂದರು. ಗುಂಡಿ ಒತ್ತಿ ಒತ್ತಿ ಕೆಳಗೆ ಹೋದರು, ಮೇಲೆ ಬಂದರು. ಕೊನೆಗೆ ಕಾಲು ಚಾಚಿ ಮಲಗಿ, ತೊಟ್ಟಿಲಿಗೆ ಹಾಕಿದಂಗ ಆತು ಎಂದು ಮಗುವಿನ ಹಾಗೆ ನಕ್ಕರು. ಬದುಕಿದ್ದಾಗ ಅವರು ಮೈಚಾಚಿ ಮಲಗಿದ್ದನ್ನು ನಾನು ಕಂಡದ್ದು ಅದೇ ಕಡೆಯ ಸಲ.

ಹೊರಗೆ ಹಗಲಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿಸಿ, ಒಳಗೆ ನೀಲಿ ಮಂದ ಬೆಳಕು ಬಿಟ್ಟು, ಹಗಲನ್ನೇ ರಾತ್ರಿ ಮಾಡಿದ್ದರು. ನನಗೆ ನಿದ್ದೆ ಹತ್ತಿತು. ನಿದ್ದೆಯಲ್ಲಿ ಆ ಮಾತು ಕೇಳಿಸಿತು.

“ಏಳವ್ವಾ, ಮಂದಿ ಬಂದಾರ. ಹಿಂಗ ಮಕ್ಕೊಂಡರ ಹೆಂಗ?”

ಲಿಂಗಸುಗೂರಿನ ಮನೆಯ ಹೊಸ್ತಿಲಲ್ಲಿದ್ದೇನೆ ಅಂದುಕೊಂಡು ಕಣ್ಣುಬಿಟ್ಟೆ. ಪಕ್ಕದ ಗೂಡು ಖಾಲಿ. ಎಲ್ಲೋ ಗುಂಯ್ ಎಂದು ಸಣ್ಣ ಸದ್ದು. ದಾರಿಯ ಆಚೆ, ನೀಲಿ ಬೆಳಕಿನಲ್ಲಿ, ಒಂದು ಬಿಳಿ ತಲೆ ಮೆಲ್ಲಗೆ, ಬಹಳ ಮೆಲ್ಲಗೆ, ಮರೆಯ ಮೇಲಕ್ಕೆ ಏಳುತ್ತಿತ್ತು. ಅಕ್ಕಾರು ಬಾಗಿ ನಿಂತು ಒಂದು ಕೈಯಲ್ಲಿ ಗುಂಡಿ ಒತ್ತಿದ್ದರು, ಇನ್ನೊಂದು ಕೈ ಆ ಮುದುಕಿಯ ಬೆನ್ನ ಹಿಂದೆ ಇತ್ತು. ಸದ್ದು ನಿಂತಿತು. ಸೊಂಟಕ್ಕೆ ಒಂದು ದಿಂಬು ಇಟ್ಟರು, ಕುತ್ತಿಗೆಗೆ ಒಂದು. ಕೈಗಳನ್ನು ಮಡಿಲಿಗೆ ತಂದರು. ಸೆರಗಿನಿಂದ ಬಾಯಿ ಒರೆಸಿದರು. ಕಾಲನ್ನು ಮಾತ್ರ ಮಡಿಸಲಿಲ್ಲ, ಅಲ್ಲಿ ಜಾಗ ಸಾಲಲಿಲ್ಲ. ನಾನು ಎದ್ದು ಹೋದೆ. ಹೊದಿಕೆಯ ಹೊರಗಿದ್ದ ಪಾದ ಮುಟ್ಟಿ ನೋಡಿದೆ. ಅದು ತಣ್ಣಗಾಗಿ ಬಹಳ ಹೊತ್ತಾಗಿತ್ತು.

“ನನ್ನ ಯಾಕ ಕರದ್ರು ಅಂತ ಈಗ ತಿಳೀತು” ಅಂದರು ಅಕ್ಕಾರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ಕೆಲಸ ಸರಿಯಾಗಿ ಆದಾಗ ಇರುವ ಸಮಾಧಾನವಿತ್ತು.

ವಿಮಾನದ ಹುಡುಗಿಯನ್ನು ಕರೆದೆ. ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಹಿಂದಿನಿಂದ ಯಾರೋ ಡಾಕ್ಟರು ಬಂದು ಕಿವಿಗೆ ನಳಿಗೆ ಹಾಕಿ ನೋಡಿ ತಲೆಯಾಡಿಸಿದರು. ಎಲ್ಲವೂ ಪಿಸುಮಾತಿನಲ್ಲೇ ನಡೆಯಿತು. ಉಳಿದ ಗೂಡುಗಳಲ್ಲಿ ಮಲಗಿದ್ದವರು ಮಗ್ಗುಲು ಸಹ ಬದಲಿಸಲಿಲ್ಲ. ವಿಮಾನದ ಹುಡುಗಿಯರಲ್ಲಿ ಒಬ್ಬಳಿಗೆ ತೆಲುಗು ಬರುತ್ತಿತ್ತು. ನಮ್ಮ ಕಾಲುವೆ ಕಡೆ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು ಕೇಳಿ ಕೇಳಿ ನನ್ನ ಕಿವಿಯೂ ಪಳಗಿದೆ. ಇವರನ್ನು ಕೂಡಿಸಿದವರು ಯಾರು ಎಂದು ಅವಳು ಕೇಳಿದಳು. ನಾನು ಹೇಳಿದೆ. ಅವಳು ಬಯ್ಯಲಿಲ್ಲ. ಸುಮ್ಮನೆ ಆ ಮುಖವನ್ನು ನೋಡುತ್ತ ಏನೋ ಹೇಳಿದಳು. ನನಗೆ ಅದನ್ನು ಕನ್ನಡಕ್ಕೆ ತರಲು ನಾಲಗೆ ಏಳಲಿಲ್ಲ.

ಏನಂದಳು ಎಂದು ಅಕ್ಕಾರು ಕೇಳಿದರು. ಹೇಳಲೇಬೇಕಾಯಿತು. ಆ ಮುದುಕಿಗೆ ಬೆನ್ನುನೋವು, ಕುಳಿತು ಕುಳಿತೇ ಬಹಳ ಕಾಲ ಕಳೆದಿದ್ದರಂತೆ. ಈ ಸೀಟು ತೆಗೆದುಕೊಂಡದ್ದೇ ಒಮ್ಮೆಯಾದರೂ ನೆಟ್ಟಗೆ ಮಲಗಿಕೊಂಡು ಊರು ಸೇರಬೇಕು ಎಂದು. ಹತ್ತುವಾಗಲೇ ಈ ಹುಡುಗಿಗೆ ಹೇಳಿದ್ದರಂತೆ, ಊಟ ಬೇಡ, ಏನೂ ಬೇಡ, ಊರು ಬರುವವರೆಗೆ ನನ್ನನ್ನು ಎಬ್ಬಿಸಬೇಡಿ.

“ಎಬ್ಬಿಸಬ್ಯಾಡ್ರಿ ಅಂದಿದ್ದಳಾ?” ಅಂದರು ಅಕ್ಕಾರು.

ನಾನು ತಲೆಯಾಡಿಸಿದೆ. ಅಕ್ಕಾರು ಮತ್ತೆ ಮಲಗಿಸಿಬಿಡೋಣ ಎಂದು ಕೈ ಮುಂದೆ ಮಾಡಿದರು. ಹುಡುಗಿ ತಡೆದಳು. ವಿಮಾನ ಇಳಿಯಲು ಶುರು ಮಾಡಿತ್ತು, ಇಳಿಯುವಾಗ ಎಲ್ಲ ಕುರ್ಚಿಯೂ ನೆಟ್ಟಗಿರಬೇಕಂತೆ. ಮುದುಕಿಗೆ ಬೆಲ್ಟು ಹಾಕಿದರು, ಹೊದಿಕೆಯನ್ನು ಕೊರಳವರೆಗೆ ಏರಿಸಿದರು. ಕಿಟಕಿಗಳನ್ನು ತೆರೆಸಿದಾಗ ಒಮ್ಮೆಲೇ ಬಿಸಿಲು ನುಗ್ಗಿ ಆ ಮುಖದ ಮೇಲೆ ಬಿತ್ತು. ಆಕೆ ಕುಳಿತೇ ಇದ್ದರು. ಅಕ್ಕಾರು ತಮ್ಮ ಕುರ್ಚಿಗೆ ಬೆನ್ನು ತಾಗಿಸದೆ, ನೆಟ್ಟಗೆ, ಆಕೆಯನ್ನೇ ನೋಡುತ್ತ ಕುಳಿತರು. ಇಳಿದು ಹೋಗುವಾಗ ತಿರುಗಿ ನೋಡಬೇಡಿ ಅಂದೆ. ಅವರು ನೋಡಿದರು.

ಆಕೆಯ ಹೆಸರೇನು, ಊರು ಯಾವುದು, ಯಾರು ಎದುರುಗೊಳ್ಳಲು ಬಂದಿದ್ದರು, ನಮಗೆ ಯಾರೂ ಹೇಳಲಿಲ್ಲ. ಹಿಂದಿನ ಸೀಟಿನವರು ಸುಖವಾಗಿ ನಿದ್ದೆ ಬಂತೇನ್ರಿ ಎಂದು ನಗುತ್ತ ಕೇಳಿದರು. ನಾವು ಯಾರಿಗೂ ಏನೂ ಹೇಳಲಿಲ್ಲ.

ಊರಿಗೆ ಬಂದ ಮೇಲೆ ಅಕ್ಕಾರು ಒಂದೇ ಮಾತು ಹಿಡಿದರು. ಕೌದಿ ಹೊಲಿಯುತ್ತ ಕುಳಿತವರು ಸೂಜಿ ನಿಲ್ಲಿಸಿ ಕೇಳುತ್ತಿದ್ದರು: “ಆಕಿ ಕುಂದ್ರವರ ಪೈಕಿನೋ, ಮಕ್ಕೊಳವರ ಪೈಕಿನೋ, ತಂಗಿ?” ಯಾರ ಪೈಕಿಯಾದರೇನು, ನೀವು ಒಳ್ಳೆಯದನ್ನೇ ಮಾಡಿದಿರಿ ಅನ್ನುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಒಮ್ಮೆ ಹೇಳಿದರು: “ನಾ ಏಳು ಅಂದ ಕೂಡಲೇ ಎದ್ದಳು ನೋಡು. ನನ್ನ ಕೈಯಾಗ ಯಾರೂ ಅಷ್ಟು ಹಗೂರ ಎದ್ದಿಲ್ಲ.” ಕುರ್ಚಿ ಎತ್ತಿದ್ದು ಯಂತ್ರ ಎಂದು ನಾನು ನೆನಪಿಸಿದೆ. “ಯಂತ್ರ ಕುರ್ಚಿ ಎತ್ತೈತಿ” ಅಂದರು, “ಆಕಿ ತಾನಾಗಿ ಎದ್ದಳು.”

ಅವರು ಮಲಗುವುದನ್ನು ಬಿಟ್ಟಿದ್ದಾರೆ ಎಂದು ನನಗೆ ತಿಳಿಯಲು ಕೆಲವು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ಮಜ್ಜಿಗೆ ಕೊಡಲು ಹೋದಾಗ ಅಕ್ಕಾರು ಗೋಡೆಗೆ ದಿಂಬಿಟ್ಟು, ಹೆಗಲಿಗೆ ಸೀರೆ ಹೊದ್ದು, ಕುಳಿತೇ ನಿದ್ದೆ ಮಾಡುತ್ತಿದ್ದರು. ನಡುಮನೆಯಲ್ಲಿ ಚಾಪೆ ಹಾಸಿ, ಅದರ ಮೇಲೆ ಹೊಸ ಕೌದಿ ಹಾಸಿ, ದಿಂಬು ಇಟ್ಟಿದ್ದರು. ಇದು ಯಾರಿಗೆ ಅಂದೆ. ಆಕೆಗೆ ಅಂದರು. ಆಕೆ ಮಲಗುವುದನ್ನು ನಾನು ಕಸಿದುಕೊಂಡೆ, ಹಾಗಾಗಿ ನನ್ನದನ್ನು ಆಕೆಗೆ ಕೊಟ್ಟಿದ್ದೇನೆ ಎಂದರು, ಯಾರಿಗೋ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರ ಹಾಗೆ. ನಾನು ಕೌದಿ ಮಡಿಸಲೆಂದು ಬಗ್ಗಿದೆ. ದಿಂಬಿನ ನಡುವೆ ತಲೆಯಿಟ್ಟಷ್ಟು ಗುಳಿ ಇತ್ತು. ಬೆಕ್ಕು ಬಂದು ಮಲಗಿರಬೇಕು ಅಂದೆ. ನಮ್ಮ ಓಣಿಯಲ್ಲಿ ಬೆಕ್ಕು ಸಾಕಿದವರು ಯಾರೂ ಇಲ್ಲ ಎಂದು ನೆನಪಾದದ್ದು ಮನೆಗೆ ಬಂದು ಮಜ್ಜಿಗೆ ಪಾತ್ರೆ ತೊಳೆಯುವಾಗ.

ಸತ್ತವರ ಮನೆಗೆ ಹೋಗುವುದನ್ನು ಅವರು ಬಿಡಲಿಲ್ಲ. ಆದರೆ ಕೆಲಸದ ರೀತಿ ಬದಲಾಯಿತು. ಮೊದಲಿನ ಹಾಗೆ ಏಳವ್ವಾ ಅನ್ನುತ್ತಿರಲಿಲ್ಲ. ಕಿವಿಯ ಹತ್ತಿರ ಬಾಯಿಟ್ಟು, “ಏಳ್ತೀಯೇನವ್ವಾ?” ಎಂದು ಕೇಳುತ್ತಿದ್ದರು. ಕೇಳಿ, ಅಂಗೈಯನ್ನು ಬೆನ್ನ ಕೆಳಗೆ ಇಟ್ಟುಕೊಂಡು ಕಾಯುತ್ತಿದ್ದರು. ಹೊರಗೆ ಮಂದಿ ಗೊಣಗುತ್ತಿದ್ದರು. ಬಳಗಾನೂರಿನಿಂದ ಬರುವಾಗ ಬಸ್ಸಿನಲ್ಲಿ ನಾನು ಕೇಳಿಯೇಬಿಟ್ಟೆ, ಉತ್ತರ ಬರುತ್ತದೆಯೇ ಎಂದು. “ಬರತೈತಿ” ಅಂದರು. “ಕೈಗೆ ಬರತೈತಿ. ಕಿವಿಗಲ್ಲ.”

ಅವತ್ತೇ ನನ್ನಿಂದ ಮಾತು ತೆಗೆದುಕೊಂಡರು. “ನನ್ನ ನೀನ ಕುಂದ್ರಿಸಬೇಕು. ಮೊದಲ ಕೇಳು. ಒಲ್ಲೆ ಅಂದ್ರ ಎಬ್ಬಿಸಬ್ಯಾಡ. ಮಂದಿ ಏನರ ಅನ್ನಲಿ.” ಒಲ್ಲೆ ಅಂದದ್ದು ನನಗೆ ಹೇಗೆ ತಿಳಿಯಬೇಕು ಅಂದೆ. ನಿನ್ನ ಕೈಗೆ ತಿಳಿಯುತ್ತದೆ ಅಂದರು. ನನ್ನ ಅಂಗೈಯನ್ನು ತಮ್ಮ ಬೆನ್ನ ಹಿಂದೆ ಇರಿಸಿಕೊಂಡು, ಸೊಂಟದ ಗುಣಿ ಎಲ್ಲಿ, ಭಾರ ಎಲ್ಲಿ ಎಂದು ತೋರಿಸಿದರು. ಬಸ್ಸಿನ ಮಂದಿ ನಮ್ಮನ್ನೇ ನೋಡುತ್ತಿದ್ದರು.

ಕುಳಿತೇ ನಿದ್ದೆ ಮಾಡಿ ಮಾಡಿ ಅವರ ಕಾಲು ಬಾತವು. ತಂಗಿಯ ಮಗಳು ಬಂದು ಮಸ್ಕಿಗೆ ಕರೆದೊಯ್ದಳು. ಅಲ್ಲಿಯೂ ಹಾಗೆಯೇ, ಮಲ್ಲಯ್ಯನ ಗುಡ್ಡ ಕಾಣುವ ಕೋಣೆಯಲ್ಲಿ ನಡುವೆ ಆಕೆಗೆ ಹಾಸಿಗೆ, ಗೋಡೆಗೆ ಇವರು. ಮಗಳಂಥ ಹುಡುಗಿ, ಬೇಡ ಅನ್ನದೆ ದಿನಾ ಎರಡು ದಿಂಬು ಇಡುತ್ತಿದ್ದಳು. ಅಂಥವಳು ಸಿಕ್ಕದ್ದೂ ಒಂದು ದಯೆ.

ಇವೆಲ್ಲ ನೆನಪು ಮಾಡಿಕೊಳ್ಳುವಷ್ಟರಲ್ಲಿ ಬಸ್ಸು ಮಸ್ಕಿ ಮುಟ್ಟಿತ್ತು.

ಅಂಗಳದಲ್ಲಿ ಮಂದಿ ಸೇರಿದ್ದರು. ಕ್ರಿಯೆ ಮಾಡಿಸುವ ಅಯ್ಯನವರು ಬಂದು ಕುಳಿತಿದ್ದರು. ಅಕ್ಕಾರ ತಂಗಿಯ ಗಂಡ, ಆ ಮನೆಯ ಹಿರಿಯ, ನನ್ನನ್ನು ಕಂಡವನೇ, ಇಷ್ಟು ತಡ ಮಾಡಿದರೆ ಹೇಗ್ರಿ, ಇನ್ನು ಕಾಲು ಮಡಿಸುವುದು ಆಗದ ಮಾತು ಎಂದ. ಒಳಗೆ ಹೋದೆ. ಅಕ್ಕಾರು ನಡುವಿನ ಹಾಸಿಗೆಯಲ್ಲಿ, ಆಕೆಗೆಂದು ಹಾಸಿದ ಕೌದಿಯ ಮೇಲೆ, ನೆಟ್ಟಗೆ ಕಾಲು ಚಾಚಿ ಮಲಗಿದ್ದರು. ವಿ‌ಮಾನದಲ್ಲಿ ತೊಟ್ಟಿಲು ಎಂದು ನಕ್ಕಾಗಿನ ಮುಖ. ಹುಡುಗಿ ನನ್ನ ಹತ್ತಿರ ಬಂದು ಹೇಳಿದಳು, ನಸುಕಿನಲ್ಲಿ ಎಚ್ಚರವಾದಾಗ ದೊಡ್ಡವ್ವ ಯಾರ ಜೊತೆಗೋ ಮಾತಾಡುತ್ತಿದ್ದರಂತೆ. ಜಗಳವಾಡಿ ಸೋತವರ ಹಾಗೆ ನಗುತ್ತಿದ್ದರಂತೆ.

“ಏನಂದ್ರು?”

“‘ಆತು ಬಿಡವ್ವಾ, ನೀ ಕುಂದ್ರು ಹಂಗಾದ್ರ. ನಾ ಮಕ್ಕೊಂತೀನಿ’ ಅಂದಳ್ರಿ.”

ಬಿಸಿನೀರು ತರಿಸಿಕೊಂಡು, ಬಾಗಿಲು ಮುಂದೆ ಮಾಡಿಕೊಂಡೆ. ಮೊಣಕಾಲಿಗೆ ಬಿಸಿನೀರಿನ ಅರಿವೆ ಹಾಕಿದೆ. ಶಿವಾ ಎಂದು ಅಂಗೈಯನ್ನು ಬೆನ್ನ ಕೆಳಗೆ ತೂರಿಸಿದೆ. ಹಲಗೆಯಾಗಿತ್ತು ಬೆನ್ನು.

“ಏಳ್ತೀರೇನ್ರಿ ಅಕ್ಕಾರ?” ಅಂದೆ.

ಕೈಗೆ ಏನೂ ಬರಲಿಲ್ಲ. ಹಲಗೆ ಹಲಗೆಯಾಗಿಯೇ ಇತ್ತು. ಒಲ್ಲೆ ಅಂದರೆ ಹೀಗೇ ಇರುತ್ತದೇನೋ ಅಂದುಕೊಂಡೆ. ಎಷ್ಟು ಕಾಲದ ಮೇಲೆ ಮಲಗಿದ್ದರು ಪಾಪ. ಕೈ ತೆಗೆಯದೆ, ಅವರ ಪಕ್ಕದಲ್ಲೇ ಕುಳಿತುಬಿಟ್ಟೆ. ಹೊರಗಿನಿಂದ ಬಾಗಿಲು ಬಡಿದರು. ಆಯಿತೇನು ಎಂದು ಕೇಳಿದರು. ಅಯ್ಯನವರಿಗೆ ಹೊತ್ತಾಗುತ್ತದೆ, ಹಗ್ಗ ತರಲೇನು ಎಂದು ತಂಗಿಯ ಗಂಡ ಕೇಳಿದ.

“ಮಕ್ಕೊಂಡಾರ್ರಿ” ಅಂದೆ ನಾನು. “ಅವರಾಗಿ ಏಳಾತನಕ ಯಾರೂ ಬರಬ್ಯಾಡ್ರಿ.”

ಹೊರಗೆ ಮಂದಿ ಬಾಗಿಲಿನಿಂದ ಹಿಂದೆ ಸರಿದ ಸದ್ದು ಕೇಳಿಸಿತು. ನಾನು ಬಾಯೊಳಗೇ ಶಿವನ ಹೆಸರು ಹೇಳುತ್ತ ಕಾದೆ. ಏಳದಿದ್ದರೆ ಈ ಮಂದಿಗೆ ಏನು ಹೇಳಬೇಕು, ಎದ್ದರೆ ಅವರಿಗೇ ಏನು ಹೇಳಬೇಕು, ಎರಡೂ ತಿಳಿಯಲಿಲ್ಲ. ಅರಿವೆ ತಣ್ಣಗಾಯಿತು, ಮತ್ತೆ ಬಿಸಿನೀರಿಗೆ ಅದ್ದಿ ಹಾಕಿದೆ. ಅಷ್ಟರಲ್ಲಿ ಅಂಗೈ ಮೇಲಿನ ಭಾರ ಕಡಿಮೆಯಾಯಿತು. ಮಗ್ಗುಲು ಬದಲಿಸುವವರು ನಮಗೆ ಕೈ ತೆಗೆಯಲು ಜಾಗ ಕೊಡುತ್ತಾರಲ್ಲ, ಅಷ್ಟೇ. ಮೊಣಕಾಲು ಹಿಡಿದೆ, ಮಡಿಚಿತು. ಬೆನ್ನು ಎತ್ತಿದೆ, ಬಂತು. ನಾನು ಎತ್ತಿದ್ದಕ್ಕಿಂತ ಹಗುರವಾಗಿ ಬಂತು.

ಗೋಡೆಯ ಹತ್ತಿರ ಒಯ್ದು ಆನಿಸಬೇಕಿತ್ತು. ಅಕ್ಕಾರು ದಿನಾ ಕುಳಿತು ನಿದ್ದೆ ಮಾಡುತ್ತಿದ್ದ ಜಾಗ ಅದು, ಅವರ ದಿಂಬು ಅಲ್ಲೇ ನಿಂತಿತ್ತು. ಸೊಂಟಕ್ಕೆ ಸರಿಪಡಿಸಲೆಂದು ಆ ದಿಂಬಿಗೆ ಕೈ ಹಚ್ಚಿದೆ. ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು ಎಂದು ತಿರುಗಿ ನೋಡಿದೆ. ಬಿಸಿಲು ಇನ್ನೂ ಕಿಟಕಿಯ ಹೊರಗೇ ಇತ್ತು.

“ಜರಾ ಸರೀರಿ ಅವ್ವಾ” ಎಂದು ಆ ದಿಂಬಿನ ಕಡೆಗೆ ಅಂದೆ. ಯಾಕೆ ಅಂದೆನೋ. ಅಂದು, ಸ್ವಲ್ಪ ಕಾದು, ಅಕ್ಕಾರನ್ನು ಅಲ್ಲಿ ಕೂಡಿಸಿದೆ.

ಬಾಗಿಲು ತೆಗೆದಾಗ ಮಂದಿ ಕೈ ಮುಗಿದರು. ವಿಭೂತಿ ಹಚ್ಚಿದರು, ಭಜನೆ ಶುರುವಾಯಿತು. ಅವರ ತಾಳಗಳನ್ನು ನಾನೇ ಬಾರಿಸಿದೆ. ನಡುವಿನ ಹಾಸಿಗೆಯನ್ನು ಯಾರೋ ಮಡಿಸಲು ಹೋದರು, ಹುಡುಗಿ ಬೇಡ ಅಂದಳು. ನಾವು ಮಣ್ಣು ಕೊಟ್ಟು ತಿರುಗಿ ಬರುವವರೆಗೂ ಅದು ಹಾಗೇ ಇತ್ತು. ಅದರ ಮೇಲಿನ ದಿಂಬಿನ ಕಡೆ ನಾನು ನೋಡಲಿಲ್ಲ.

ಸಂಜೆಯ ಬಸ್ಸಿಗೆ ಸಿಂಧನೂರಿಗೆ ಬಂದೆ. ನಮ್ಮಲ್ಲಿ ಸೂತಕವಿಲ್ಲ, ಆದರೂ ಮೈ ದಣಿದಿತ್ತು, ಎರಡು ತಂಬಿಗೆ ನೀರು ಹುಯ್ದುಕೊಂಡೆ. ನಮ್ಮ ಮನೆಯವರು ಬೆಳಗಿನ ಎರಡು ರೊಟ್ಟಿಯನ್ನು ಮೊಸರಿನ ಜೊತೆ ತಿಂದು ಕುಳಿತಿದ್ದರು. ಒಂದು ಮಾತು ಕೇಳಲಿಲ್ಲ, ಪುಣ್ಯವಂತರು. ಒದ್ದೆ ಅರಿವೆ ಒಣಗಿತ್ತು. ಅದನ್ನು ತೆಗೆದರೆ ಹಿಟ್ಟು ಹುಳಿಯಾಗಿರಲಿಲ್ಲ, ಮೇಲೆ ಮಾತ್ರ ಬಿರುಕುಬಿಟ್ಟು ಗಟ್ಟಿಯಾಗಿತ್ತು. ಚೆಲ್ಲಲು ಮನಸ್ಸಾಗಲಿಲ್ಲ. ನೀರು ಕಾಸಿ ಚಿಮುಕಿಸಿ, ಅಂಗೈಯನ್ನು ಅದರ ಕೆಳಗೆ ತೂರಿಸಿದೆ.

“ರೊಟ್ಟಿ ಆಗತಾವೇನು ಅದರಾಗ?” ಎಂದು ಅವರು ಕೇಳಿದರು.

“ಆಗತಾವ್ರಿ” ಅಂದೆ. “ಜರಾ ತಡೀರಿ.”

ಸ್ವಲ್ಪ ಹೊತ್ತು ಕೈಯನ್ನು ಹಾಗೇ ಇಟ್ಟುಕೊಂಡಿದ್ದೆ. ಆಮೇಲೆ ನಾದಲು ಶುರು ಮಾಡಿದೆ.